ಉರಿ ಹಾಕಿದ ಬ್ಯಾರನ್‌ಗೆ ಬೀಗ

ನಮ್ಮ ಅಬ್ಬಾ ಹುಣಸೂರಿನಲ್ಲಿ ಮರಗೆಲಸ ಮಾಡುತ್ತಿದ್ದರು. ಅದರಲ್ಲೂ ಬಾಗಿಲು ಕೂರಿಸುವುದರಲ್ಲಿ ಅವರದು ಎತ್ತಿದ ಕೈ. ಚೌಕಟ್ಟಿಗೂ ಬಾಗಿಲಿಗೂ ನಡುವೆ ಗಾಳಿ ನುಸುಳುತ್ತದೆಯೇ ಎಂದು ಅಂಗೈ ಹಿಡಿದು ನೋಡುವರು, ನುಸುಳಿದರೆ ಬಾಗಿಲನ್ನು ಬಿಚ್ಚಿ ಮತ್ತೆ ಕೂರಿಸುವರು. ನಾನು ಓದಿ ವಕೀಲಳಾದೆ. ವಕೀಲಿಕೆಯಲ್ಲಿ ನನಗೆ ಗಂಟುಬಿದ್ದ ಕೆಲಸವೆಂದರೆ ಬಾಗಿಲುಗಳಿಗೆ ಬೀಗ ಹಾಕುವುದು. ಮೊದಲ ಸಲ ಇದನ್ನು ಹೇಳಿದಾಗ ಅಬ್ಬಾ ಬಹಳ ಹೊತ್ತು ನಕ್ಕರು. ತಾನು ಕೂರಿಸಿದ್ದಕ್ಕೆ ಮಗಳು ಬೀಗ ಜಡಿದು ಬರುತ್ತಾಳೆ, ಇನ್ನು ಈ ಮನೆಯಲ್ಲಿ ಯಾರೂ ಕೆಲಸವಿಲ್ಲದೆ ಕೂರಬೇಕಾಗಿಲ್ಲ ಎಂದರು.

ಬ್ಯಾಂಕಿನ ದೊಡ್ಡ ಸಾಲ ತೀರದೆ ಉಳಿದರೆ ಆ ವ್ಯಾಜ್ಯ ನಮ್ಮ ತಾಲ್ಲೂಕು ಕೋರ್ಟಿಗೆ ಬರುವುದಿಲ್ಲ. ಅದಕ್ಕೆಂದೇ ಬೆಂಗಳೂರಿನಲ್ಲಿ ಸಾಲ ವಸೂಲಾತಿ ನ್ಯಾಯಾಧಿಕರಣ ಇದೆ. ಅಲ್ಲಿ ತೀರ್ಮಾನವಾಗಿ, ಕಾಗದಗಳು ವಸೂಲಾತಿ ಅಧಿಕಾರಿಯ ಮೇಜಿಗೆ ಬಂದ ಮೇಲೆ, ಒತ್ತೆಯಿಟ್ಟ ಸ್ವತ್ತನ್ನು ವಶಕ್ಕೆ ಪಡೆಯಲು ಆಯಾ ಕಡೆಯ ವಕೀಲರೊಬ್ಬರನ್ನು ಕಮಿಷನರ್ ಎಂದು ನೇಮಿಸುತ್ತಾರೆ. ನಾನು ಕಮಿಷನರ್ ಆದೆನೆಂದು ಕೇಳಿ ನಮ್ಮಮ್ಮ ಬೀದಿಯವರಿಗೆಲ್ಲ ಸಿಹಿ ಹಂಚಿಬಿಟ್ಟಿದ್ದಳು. ನಗರಸಭೆ ಕಮಿಷನರಿಗೂ ನನಗೂ ಇರುವ ವ್ಯತ್ಯಾಸವನ್ನು ಹೇಳುವಷ್ಟರಲ್ಲಿ ಡಬ್ಬ ಖಾಲಿಯಾಗಿತ್ತು. ನನ್ನ ಅಧಿಕಾರವೆಲ್ಲ ಒಂದು ಬಟ್ಟೆಚೀಲದಲ್ಲಿ ಹಿಡಿಯುತ್ತಿತ್ತು. ಬೀಗಗಳು, ಅರಗು, ಬಿಳಿ ಬಟ್ಟೆ, ಅಂಟು, ಆದೇಶದ ಪ್ರತಿ.

ಈ ಚೀಲ ಹಿಡಿದು ನಾನು ಕೆ.ಆರ್. ನಗರದ ಅಕ್ಕಿ ಗಿರಣಿಗೆ ಹೋಗಿದ್ದೇನೆ, ಭೇರ್ಯದ ಕಡೆ ಕೋಳಿ ಫಾರಂಗೆ ಹೋಗಿದ್ದೇನೆ, ಎಚ್.ಡಿ. ಕೋಟೆ ರಸ್ತೆಯಲ್ಲಿ ಅರ್ಧಕ್ಕೆ ನಿಂತ ಲಾಡ್ಜಿಗೂ ಹೋಗಿದ್ದೇನೆ. ಜನ ನ್ಯಾಯಾಧಿಕರಣವನ್ನು ಕಂಡಿರುವುದಿಲ್ಲ, ಕಾಣುವುದು ನನ್ನನ್ನು. ಬೈಗುಳ ಬಿದ್ದರೆ ನನಗೇ ಬೀಳುತ್ತದೆ, ಕಾಫಿ ಬಂದರೆ ಅದೂ ನನಗೇ. ನನಗೆ ಬೈಗುಳವೇ ಸಲೀಸು. ಬೀಗ ಹಾಕಲು ಬಂದವಳಿಗೆ ಲೋಟ ತೊಳೆದು ಕಾಫಿ ಕೊಡುತ್ತಾರಲ್ಲ, ಆಗ ನನಗೆ ಕೈಕಾಲು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ.

ಪಿರಿಯಾಪಟ್ಟಣದ ಕಡೆಯ ಒಂದು ಆದೇಶ ನನ್ನ ಕೈಗೆ ಬಂದದ್ದು ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ. ಸಾಲಗಾರರು ಗೊಬ್ಬರದ ಅಂಗಡಿಯವರು. ಗೊಬ್ಬರ, ಪೈಪು, ಔಷಧಿ ಎಲ್ಲ ಮಾರಿ ಚೆನ್ನಾಗಿಯೇ ಇದ್ದವರು. ಕೆ.ಆರ್. ನಗರದಲ್ಲೊಂದು, ಎಚ್.ಡಿ. ಕೋಟೆಯಲ್ಲೊಂದು ಎಂದು ಅಂಗಡಿ ತೆರೆಯುತ್ತಾ ಹೋದರು. ಮೂರು ಗಲ್ಲಾಪೆಟ್ಟಿಗೆಯ ಮುಂದೆ ಒಬ್ಬರೇ ಕೂರಲು ಆಗುವುದಿಲ್ಲವಲ್ಲ, ಕೂತವರು ಕೈ ಕೊಟ್ಟರು. ಊರ ಹೊರಗೆ ಅವರ ತಂದೆ ಬಿಟ್ಟುಹೋದ ಒಂದು ನಿವೇಶನವಿತ್ತು. ಅದರಲ್ಲಿ ಗೋದಾಮು ಮತ್ತು ಎರಡು ಬ್ಯಾರನ್. ಅದಷ್ಟೂ ಒತ್ತೆಯಲ್ಲಿತ್ತು, ಈಗ ನಾನು ಹೋಗಿ ವಶಕ್ಕೆ ತೆಗೆದುಕೊಳ್ಳಬೇಕಿತ್ತು.

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಇಟ್ಟಿಗೆ ಮನೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಪೋಣಿಸಿ ಒಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಬಾಗಿಲು ಮುಚ್ಚಿ ಹೊರಗಿನ ಒಲೆಗೆ ಸೌದೆ ಹಾಕಿದರೆ ದಪ್ಪ ಕೊಳವೆಗಳಲ್ಲಿ ಬಿಸಿ ಒಳಗೆ ಹರಿಯುತ್ತದೆ. ಸೊಪ್ಪು ಮೊದಲು ಹಳದಿ ತಿರುಗಿ, ಆಮೇಲೆ ಎಲೆ ಒಣಗಿ, ಕೊನೆಗೆ ದಂಟು ಒಣಗಬೇಕು. ಅಷ್ಟಾಗಲು ಹೆಚ್ಚುಕಡಿಮೆ ಒಂದು ವಾರ. ಆ ವಾರದಲ್ಲಿ ಉರಿ ತಪ್ಪಕೂಡದು. ಆ ವಾಸನೆಯಲ್ಲೇ ಹುಟ್ಟಿ ಬೆಳೆದವಳು ನಾನು. ಆದರೂ ಪೇಟೆಯ ಹುಡುಗಿಯಾದ್ದರಿಂದ ಒಲೆಯ ಬಾಯಿಯ ಮುಂದೆ ಎಂದೂ ನಿಂತಿರಲಿಲ್ಲ.

ನಾವು ಹೋದದ್ದು ಬೆಳಿಗ್ಗೆ. ನನ್ನ ಜೊತೆ ಬ್ಯಾಂಕಿನ ಒಬ್ಬ ಯುವ ಅಧಿಕಾರಿ, ಒಬ್ಬ ಪೇದೆ. ಗೊಬ್ಬರದ ಅಂಗಡಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನಲ್ಲೇ ಕಾಯುತ್ತಿದ್ದರು. ಗೋದಾಮನ್ನು ಹಿಂದಿನ ದಿನವೇ ಖಾಲಿ ಮಾಡಿಸಿ ಗುಡಿಸಿಟ್ಟಿದ್ದರು. ಕೀಲಿಕೈಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಇಷ್ಟು ಸರಳವಾಗಿ ಯಾರೂ ಕೊಟ್ಟದ್ದಿಲ್ಲ. ನಾನು ಒಳಗೊಳಗೇ ಮಧ್ಯಾಹ್ನದ ಬಸ್ಸಿನ ಲೆಕ್ಕ ಹಾಕಿದೆ. ಗೋದಾಮಿಗೆ ಬೀಗ ಬಿತ್ತು, ಅರಗು ಬಿತ್ತು. ಮೊದಲ ಬ್ಯಾರನ್ ತಣ್ಣಗಿತ್ತು, ಅದಕ್ಕೂ ಬಿತ್ತು.

ಎರಡನೆಯದರ ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು. ಒಲೆಯ ಬಾಯಿಯ ಮುಂದೆ ಗೋಣಿ ಹಾಸಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಮೂವತ್ತೈದೋ ನಲವತ್ತೋ ಇರಬಹುದು. ನಮ್ಮನ್ನು ನೋಡಿ ಎದ್ದು ನಿಲ್ಲಲಿಲ್ಲ, ಒಂದು ಕೊರಡನ್ನು ಒಲೆಯೊಳಕ್ಕೆ ತಳ್ಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಉರಿ ಆರಿಸಿ ಬೀಗ ಹಾಕಬೇಕೆಂದು ಬ್ಯಾಂಕಿನ ಅಧಿಕಾರಿ ಹೇಳಿದ. ಆಕೆ ಅವನಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದಳು.

"ಸೊಪ್ಪು ಈಗ ಬಣ್ಣ ತಿರುಗ್ತಾ ಅದೆ ಮೇಡಮ್ಮ. ಉರಿ ನಿಲ್ಸುದ್ರೆ ಒಳಗಿರೋದೆಲ್ಲ ಕಪ್ಪಾಗ್ಬುಡ್ತದೆ. ಬೀಗ ಹಾಕ್ಕಳಿ, ನಾ ಬ್ಯಾಡ ಅನ್ನಕಿಲ್ಲ. ಉರಿ ಮಾತ್ರ ಇರ್ಲಿ."

ಬೀಗ ಹಾಕಿಕೊಳ್ಳಿ, ಉರಿ ಇರಲಿ. ಇಂಥ ಕೋರಿಕೆಯನ್ನು ನನಗೆ ಯಾರೂ ಸಲ್ಲಿಸಿರಲಿಲ್ಲ. ಮಾತಾಡಿಸುತ್ತಾ ಹೋದಂತೆ ಆಕೆಯ ವಿಚಾರ ತಿಳಿಯಿತು. ಗಂಡ ತೀರಿಹೋಗಿದ್ದ. ಗಂಡನ ತಮ್ಮಂದಿರೊಂದಿಗೆ ಜಗಳವಾಡಿ, ಪಂಚಾಯ್ತಿ ಸೇರಿಸಿ, ತನ್ನ ಪಾಲಿನ ಹೊಲವನ್ನು ಬಿಡಿಸಿಕೊಂಡಿದ್ದಳು. ಒಬ್ಬಳೇ ನಿಂತು ಬೆಳೆದ ಮೊದಲ ಬೆಳೆ ಇದು. ಹೆಂಗಸಿನ ಕೈಲಿ ಹೊಗೆಸೊಪ್ಪಿನ ಬೇಸಾಯ ಆಗುವ ಮಾತಲ್ಲ, ಒಂದು ವರ್ಷ ನೋಡೋಣ, ಆಗದಿದ್ದರೆ ಹೊಲವನ್ನು ನಮಗೇ ಗುತ್ತಿಗೆಗೆ ಬಿಡಬೇಕು ಎಂದು ಮೈದುನರು ಪಂಚಾಯ್ತಿಯಲ್ಲಿ ಮಾತು ತೆಗೆದುಕೊಂಡಿದ್ದರು. ಆಕೆಗೆ ಸ್ವಂತ ಬ್ಯಾರನ್ ಇರಲಿಲ್ಲ. ಗಂಡ ಇದ್ದ ಕಾಲದಿಂದಲೂ ಅವರ ಸೊಪ್ಪು ಬೇಯುತ್ತಿದ್ದದ್ದು ಈ ಅಂಗಡಿಯವರ ಬ್ಯಾರನ್‌ನಲ್ಲೇ. ಈಗ ಒಳಗೆ ತೂಗುತ್ತಿದ್ದದ್ದು ಬರೀ ಸೊಪ್ಪಲ್ಲ, ಆಕೆಯ ಹೊಲವೇ ಅಲ್ಲಿ ತೂಗುತ್ತಿತ್ತು.

ಬ್ಯಾಂಕಿನ ಅಧಿಕಾರಿ ಕೆಟ್ಟವನೇನಲ್ಲ. ಬಾಗಲಕೋಟೆ ಕಡೆಯವನು, ಹೊಗೆಸೊಪ್ಪು ಹೀಗೆ ಬೇಯುತ್ತದೆಂದು ಅವತ್ತೇ ಕಂಡವನು. ಆದರೆ ಬುದ್ಧಿ ಚುರುಕು. ಅಂಗಡಿಯವರನ್ನು ಪಕ್ಕಕ್ಕೆ ಕರೆಯದೆ ಎಲ್ಲರ ಎದುರೇ ಕೇಳಿದ, ಈ ಸೊಪ್ಪು ಯಾರದು ಎಂದು. ಸೊಪ್ಪು ಸಾಲಗಾರರದ್ದಾದರೆ ಅದೂ ಸಾಲಕ್ಕೆ ಜಮೆಯಾಗುವ ಸ್ವತ್ತು. ಆಗ ಉರಿ ಆರಿಸುವ ಪ್ರಶ್ನೆಯೇ ಇಲ್ಲ, ಬೇಯಿಸಿ ಮಾರಿ ಬ್ಯಾಂಕ್ ತೆಗೆದುಕೊಳ್ಳುತ್ತದೆ. ಬೇರೆಯವರದ್ದಾದರೆ ಅವರು ಬೆಂಕಿ ಸಮೇತ ಅತಿಕ್ರಮ ಪ್ರವೇಶ ಮಾಡಿದಂತೆ, ಆರಿಸಿಕೊಂಡು ಹೊರಡಬೇಕು. ಹೀಗೆ ಹೇಳಿದರೆ ಸೊಪ್ಪು ಉಳಿದರೂ ಆಕೆಗೆ ಸಿಗುವುದಿಲ್ಲ, ಹಾಗೆ ಹೇಳಿದರೆ ಸೊಪ್ಪೇ ಉಳಿಯುವುದಿಲ್ಲ.

ಇನ್ನೊಂದು ತೊಡಕೂ ಇತ್ತು. ಈ ಸ್ವತ್ತು ತಮ್ಮೊಬ್ಬರ ಅನುಭವದಲ್ಲೇ ಇದೆ, ಬೇರೆ ಯಾರೂ ಇದನ್ನು ಬಳಸುತ್ತಿಲ್ಲ ಎಂದು ಅಂಗಡಿಯವರು ನ್ಯಾಯಾಧಿಕರಣಕ್ಕೆ ಪ್ರಮಾಣಪತ್ರ ಕೊಟ್ಟಿದ್ದರು. ವಕೀಲರು ಬರೆದುಕೊಟ್ಟದ್ದಕ್ಕೆ ಸಹಿ ಹಾಕಿದ್ದು, ಓದಿದ್ದರೋ ಇಲ್ಲವೋ. ಸೊಪ್ಪು ಆಕೆಯದು ಎಂದರೆ ಸುಳ್ಳು ಪ್ರಮಾಣ ಮಾಡಿದ್ದನ್ನು ಕಮಿಷನರ್ ಎದುರು ತಾವೇ ಒಪ್ಪಿಕೊಂಡಂತೆ. ನಂದು ಎಂದುಬಿಟ್ಟರೆ ಅವರಿಗೆ ನಷ್ಟವೇ ಇರಲಿಲ್ಲ, ಸಾಲವೂ ಒಂದಿಷ್ಟು ಇಳಿಯುತ್ತಿತ್ತು.

ಅವರು ಚಿಮಣಿಯ ಕಡೆ ನೋಡುತ್ತಾ ನಿಂತರು. ಆ ಹೆಂಗಸು ಅವರ ಮುಖ ನೋಡಲಿಲ್ಲ, ಒಲೆಯನ್ನೇ ನೋಡುತ್ತಿದ್ದಳು.

"ಸೊಪ್ಪು ನಂದಲ್ಲ ಕಣ್ರೀ, ಆಯಮ್ಮಂದು," ಎಂದರು. "ಪ್ರತಿ ವರ್ಷನೂ ಇಲ್ಲೇ ಬೇಯಿಸ್ಕಳ್ತಾರೆ. ಅಫಿಡವಿಟ್ನಲ್ಲಿ ಇರೋದು ತಪ್ಪು. ಬರ್ಕಳಿ ಮೇಡಂ."

ಆ ಮಾತಿಗೆ ನನಗೆ ಅವರ ಮೇಲೆ ಗೌರವ ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಗೌರವ ಯಾಕೆಂದು ಹೇಳಬೇಕಿಲ್ಲ. ಸಿಟ್ಟು ಬಂದದ್ದು, ಇನ್ನು ಆ ಉರಿಯನ್ನು ಆರಿಸುವುದು ನನ್ನ ತಲೆಗೇ ಬಂತಲ್ಲ ಎಂದು. ಬ್ಯಾಂಕಿನ ಅಧಿಕಾರಿ ಪೇದೆಯನ್ನು ನೋಡಿದ. ಪೇದೆ ನೀರಿನ ತೊಟ್ಟಿಯನ್ನು ನೋಡಿದ. ಆ ತೊಟ್ಟಿಯ ಪಕ್ಕದ ಬಿಂದಿಗೆ ನೋಡಿದಾಗ ನನಗೆ ಆದೇಶವನ್ನು ಮತ್ತೊಮ್ಮೆ ಓದಬೇಕೆನಿಸಿತು.

ಸ್ವತ್ತನ್ನು ವಶಕ್ಕೆ ಪಡೆದು, ಅದಕ್ಕೆ ಯಾವುದೇ ಹಾನಿಯಾಗದಂತೆ ಕಾಪಾಡತಕ್ಕದ್ದು ಎಂದಿತ್ತು. ಅಗತ್ಯ ಬಿದ್ದರೆ ಕಾವಲಿಗೆ ತಕ್ಕವರನ್ನು ನೇಮಿಸಬಹುದು ಎಂದೂ ಇತ್ತು. ಕಾದು ಕೆಂಪಾದ ಕೊಳವೆಗೆ ಥಟ್ಟನೆ ತಣ್ಣೀರು ಬಿದ್ದರೆ ಏನಾಗುತ್ತದೆ ಎಂದು ನಾನು ಅಂಗಡಿಯವರನ್ನು ಕೇಳಿದೆ. ಸೀಳಿಬಿಡುತ್ತದೆ, ಒಲೆಯ ಗೋಡೆಯೂ ಬಿರಿಯಬಹುದು ಎಂದರು. ನನಗೆ ಅಷ್ಟೇ ಸಾಕಾಗಿತ್ತು. ಬ್ಯಾರನ್ ಈ ಗಳಿಗೆಯಿಂದ ನ್ಯಾಯಾಧಿಕರಣದ ವಶ. ಹಾನಿಯಾಗಬಾರದೆಂದು ಉರಿಯನ್ನು ಹಂತಹಂತವಾಗಿಯೇ ಇಳಿಸಬೇಕು. ಅದು ಇಳಿಯುವವರೆಗೆ ಕಾವಲಿಗೆ ಈ ಹೆಂಗಸೇ ತಕ್ಕವಳು. ಒಳಗಿರುವ ಸೊಪ್ಪು ಮೂರನೆಯವರದು, ಆಮೇಲೆ ತೆಗೆದುಕೊಂಡು ಹೋಗತಕ್ಕದ್ದು. ಇಷ್ಟನ್ನೂ ಮಹಜರಿನಲ್ಲಿ ಬರೆದೆ. ಬ್ಯಾಂಕಿನ ಅಧಿಕಾರಿ ಓದಿ, ಮತ್ತೊಮ್ಮೆ ಓದಿ, ಇದರಲ್ಲಿ ತಾನು ಬೇಡವೆನ್ನುವಂಥದ್ದು ಎಲ್ಲೂ ಸಿಗುತ್ತಿಲ್ಲವಲ್ಲ ಎಂದು ನಕ್ಕ. ಸಹಿ ಹಾಕಿದ. ಅಬ್ಬಾ ಅಲ್ಲಿದ್ದಿದ್ದರೆ ಅಂಗೈ ಹಿಡಿದು ಗಾಳಿ ನುಸುಳುತ್ತಿಲ್ಲ ಎನ್ನುತ್ತಿದ್ದರೋ ಏನೋ.

ಕಾವಲಿನ ಕರಾರನ್ನು ಆಕೆಗೆ ಓದಿ ಹೇಳಿದೆ. ಬೆಂಕಿಯ ಮೇಲೆ ಗಮನವಿಡಬೇಕು, ಯಾವ ವಸ್ತುವನ್ನೂ ಹೊರಗೆ ಸಾಗಿಸಬಾರದು, ಸಾಲಗಾರರನ್ನಾಗಲೀ ಅವರ ಕಡೆಯವರನ್ನಾಗಲೀ ಒಳಗೆ ಬಿಡಬಾರದು. ಇದು ನಾವು ಎಲ್ಲ ಕಾವಲಿಗೂ ಬರೆಯುವ ಮಾಮೂಲು ಒಕ್ಕಣೆ. ಆಕೆ ತನ್ನ ಅಕ್ಕನ ಹೆಸರನ್ನೂ ಸೇರಿಸಿ ಎಂದಳು, ಸರದಿಯ ಮೇಲೆ ಕೂರಲು. ಸೇರಿಸಿದೆ. ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಸಹಿ ಹಾಕಿದಳು. ಹಾಕಿದವಳೇ ಎದ್ದು, ಗೇಟಿನ ಹತ್ತಿರ ಹೋಗಿ, ಅಂಗಡಿಯವರನ್ನು ಹೊರಗೆ ನಿಲ್ಲಿಸಿ ಚಿಲಕ ಹಾಕಿಬಿಟ್ಟಳು. ಅವರಿಗೂ ಗಾಬರಿ, ನನಗೂ ಗಾಬರಿ.

ಎರಡು ದಿನ ಬಿಟ್ಟು ನೋಡಲು ಹೋದೆ. ಹೋಗಲೇಬೇಕೆಂದಿರಲಿಲ್ಲ. ಆದರೆ ನ್ಯಾಯಾಧಿಕರಣದ ವಶದಲ್ಲಿ ನಾನೇ ಉರಿ ಇಡಿಸಿ ಬಂದವಳು, ಮನಸ್ಸು ತಡೆಯಲಿಲ್ಲ. ಪಿರಿಯಾಪಟ್ಟಣದಲ್ಲಿ ಬಸ್ಸಿಳಿದು ಆಟೋ ಹಿಡಿದು ಹೋದರೆ, ಬೇಲಿಯ ಹೊರಗೆ ಹೊಂಗೆ ಮರದ ಕೆಳಗಿನ ಕಲ್ಲಿನ ಮೇಲೆ ಅಂಗಡಿಯವರು ಕೂತಿದ್ದರು. ಆಕೆ ಒಳಗಿದ್ದಳು. ನಡುವೆ ತಂತಿಬೇಲಿ. ಆಕೆ ಗಾಜಿನ ಕಿಂಡಿಯಲ್ಲಿ ಒಳಗಿನ ಬಿಸಿಯ ಅಳತೆ ನೋಡಿ ಗಟ್ಟಿಯಾಗಿ ಹೇಳುವುದು, ಇವರು ಕೂತಲ್ಲಿಂದಲೇ ಮೇಲಿನ ಕಿಂಡಿ ಒಂಚೂರು ತೆಗಿಯವ್ವ, ಈಗ ದಪ್ಪ ಸೌದೆ ಬೇಡ ಎನ್ನುವುದು. ಗಂಡ ಇದ್ದಾಗ ಸೊಪ್ಪು ಪೋಣಿಸುವುದು, ಇಳಿಸುವುದು, ಬಿಡಿಸುವುದೆಲ್ಲ ಆಕೆಯದು, ಉರಿ ಮಾತ್ರ ಅವನದು. ಈ ಸಲ ಉರಿಯೂ ಆಕೆಯದೇ, ಅದರ ಹದ ಪೂರ್ತಿ ಕೈಗೆ ಬಂದಿರಲಿಲ್ಲ. ನಾನು ಹೋದಾಗ ಬೇಲಿಯ ಮೇಲಿಂದ ಒಂದು ಲೋಟ ಟೀ ದಾಟುತ್ತಿತ್ತು.

ಇದನ್ನು ನೋಡಿ ನನಗೆ ನಗು ಬಂತು. ಆಕೆಯನ್ನು ಪಕ್ಕಕ್ಕೆ ಕರೆದು, ಅದು ಸುಮ್ಮನೆ ಬರೆಯುವ ಮಾತು, ಅವರು ಒಳಗೆ ಬಂದು ಒಲೆ ನೋಡಿಕೊಂಡರೆ ಇಲ್ಲಿ ಕೇಳುವವರು ಯಾರು ಎಂದೆ. ಆಕೆ ತಲೆಯಾಡಿಸಿದಳು.

"ಸೈನ್ ಹಾಕಿವ್ನಿ ಮೇಡಮ್ಮ. ನಾಳೆ ಯಾರಾದ್ರೂ ನಿಮ್ಮನ್ನ ಕೇಳುದ್ರೆ ನೀವು ಏನಂತ ಏಳ್ತೀರಿ?"

ಆಕೆ ಕಾಯುತ್ತಿದ್ದದ್ದು ಸೊಪ್ಪನ್ನೊಂದೇ ಅಲ್ಲ, ನನ್ನನ್ನೂ ಎಂದು ಆಗ ತಿಳಿಯಿತು. ಹಾಗೆ ಯಾರಾದರೂ ನನ್ನ ಕೆಲಸಕ್ಕೆ ಕುತ್ತು ಬರಬಾರದೆಂದು ಯೋಚಿಸಿ ಬಹಳ ದಿನವಾಗಿತ್ತು. ಅಂಗಡಿಯವರಿಗೂ ಇದರಿಂದ ಬೇಸರವಾದಂತೆ ಕಾಣಲಿಲ್ಲ. ಅಪ್ಪ ಕಟ್ಟಿಸಿದ ಬ್ಯಾರನ್, ಈ ಕಲ್ಲಿನ ಮೇಲೆ ಕೂತು ಹೊರಗಿನಿಂದ ಎಂದೂ ನೋಡಿರಲಿಲ್ಲ, ಚೆನ್ನಾಗಿಯೇ ಕಟ್ಟಿಸಿದ್ದಾರೆ ಎಂದರು. ನನಗೂ ಒಂದು ಲೋಟ ಟೀ ಬಂತು. ಅವತ್ತು ಸಿಟ್ಟು ಬರಲಿಲ್ಲ.

ವಾರ ಕಳೆದು ಬೀಗ ಹಾಕಲು ಹೋದಾಗ ಸೊಪ್ಪು ಇಳಿಸಿಯಾಗಿತ್ತು. ಬ್ಯಾರನ್ ಮುಂದೆ ಹಾಸಿದ ಗೋಣಿತಾಟಿನ ಮೇಲೆ ಅಕ್ಕತಂಗಿಯರು ಕಡ್ಡಿಯಿಂದ ಸೊಪ್ಪು ಬಿಡಿಸುತ್ತಿದ್ದರು. ಮಾಗಿದ ನಿಂಬೆಹಣ್ಣಿನ ಬಣ್ಣ. ನನಗೆ ಹೊಗೆಸೊಪ್ಪಿನ ದರ್ಜೆ ತಿಳಿಯದು, ಆದರೆ ಆಕೆಯ ಮುಖ ನೋಡಿದರೆ ತಿಳಿಯುವಂತಿತ್ತು. ಒಂದು ಎಲೆಯನ್ನು ತೆಗೆದು ಬೇಲಿಯ ಹೊರಗಿನವರಿಗೆ ಎತ್ತಿ ತೋರಿಸಿದಳು. ಅವರು ಅಲ್ಲಿಂದಲೇ ಕೈಯೆತ್ತಿದರು.

ಬ್ಯಾರನ್‌ನ ಒಳಗೆ ಗುಡಿಸಿ ಸಗಣಿ ಸಾರಿಸಿದ್ದಳು. ಬಾಡಿಗೆ ಮನೆ ಬಿಟ್ಟುಕೊಡುವವರು ಹಾಗೆ ಮಾಡುವುದನ್ನು ಕಂಡಿದ್ದೆ. ಬಾಗಿಲ ಮರ ಸೊಪ್ಪಿನ ಹಬೆಗೆ ಉಬ್ಬಿತ್ತು. ಆರುವ ಮುಂಚೆ ಬೀಗ ಹಾಕಿದರೆ ಆಮೇಲೆ ಚಿಲಕ ಸಡಿಲಾಗುತ್ತದೆ, ಅಷ್ಟು ನನಗೆ ಅಬ್ಬಾ ಕಲಿಸಿದ್ದರು. ಆರಲಿ ಎಂದು ಕಾಯುತ್ತಾ ಸುತ್ತ ಕಣ್ಣಾಡಿಸಿದರೆ, ಒಳಗೆ ಗೋಡೆಯ ಪಕ್ಕ ಸೌದೆಯನ್ನು ಅಚ್ಚುಕಟ್ಟಾಗಿ ಒಟ್ಟಿಟ್ಟಿತ್ತು. ತುಂಡುಗಳೆಲ್ಲ ಒಂದೇ ಅಳತೆ, ಮೇಲೆ ಚಕ್ಕೆ, ಅದರ ಮೇಲೆ ಒಂದು ಹಿಡಿ ಕಡ್ಡಿಪುಳ್ಳೆ. ಸ್ವತ್ತು ಖಾಲಿ ಇರಬೇಕು, ಇದನ್ನು ತೆಗೆದುಕೊಂಡು ಹೋಗಮ್ಮ ಎಂದೆ.

"ಬ್ಯಾರನ್ ಬುಟ್ಟು ಓಗೋರು ಸೌದೆ ಇಟ್ಟೇ ಓಗ್ಬೇಕು ಮೇಡಮ್ಮ. ನಮ್ ಕಡೆ ಪದ್ಧತಿ."

ಇನ್ನು ಇಲ್ಲಿ ಉರಿ ಹಾಕುವವರು ಯಾರು, ಬೀಗ ಬೀಳುತ್ತದಲ್ಲ ಎಂದೆ. ಬೀಗ ಅಂದಮೇಲೆ ಯಾವತ್ತಾದರೂ ಒಂದು ದಿನ ತೆಗೆಯುತ್ತಾರಲ್ಲ ಎಂದಳು. ಬೇಲಿಯ ಹೊರಗೆ ಅಂಗಡಿಯವರು ಮುಖ ತಿರುಗಿಸಿ ನಕ್ಕಂತಿತ್ತು. ಏನೋ ಹಳ್ಳಿಯ ನಂಬಿಕೆ ಎಂದುಕೊಂಡೆ. ಆಗಲೇ ಅಷ್ಟೆಲ್ಲ ನಿಯಮ ಬಗ್ಗಿಸಿದವಳು, ಒಂದು ಒಟ್ಟು ಸೌದೆಗೆ ಯಾಕೆ ಜಗಳ? ಆದರೆ ಒಳಗಿದ್ದದ್ದನ್ನು ಬರೆಯದೆ ಬೀಗ ಹಾಕುವ ಹಾಗಿಲ್ಲ. ಮಹಜರಿನ ಕೊನೆಯಲ್ಲಿ ಸೌದೆ ಒಂದು ಒಟ್ಟು ಎಂದು ಬರೆದೆ. ಯಾರು ಇಟ್ಟದ್ದು ಎಂಬಲ್ಲಿ ಆಕೆಯ ಹೆಸರನ್ನು ನಮೂದಿಸಿದೆ. ಬಾಗಿಲು ಆರಿದ ಮೇಲೆ ಬೀಗ ಹಾಕಿ ಅರಗು ಮೆತ್ತಿದೆ.

ವರದಿ ಕೊಡಲು ಬೆಂಗಳೂರಿಗೆ ಹೋದೆ. ನ್ಯಾಯಾಧಿಕರಣ ಎಂದರೆ ಕಂಬಗಳ ದೊಡ್ಡ ಕಟ್ಟಡ ಎಂದು ನಮ್ಮ ಕಡೆಯ ಜನ ತಿಳಿದಿರುತ್ತಾರೆ. ಅದು ಆಫೀಸುಗಳೇ ತುಂಬಿದ ಕಟ್ಟಡದ ಒಂದು ಮಹಡಿ. ಓಣಿಯಲ್ಲಿ ಕಾಯುವವರಿಗೆ ಕುರ್ಚಿ ಸಾಲದೆ ಅರ್ಧ ಜನ ಗೋಡೆಗೆ ಒರಗಿರುತ್ತಾರೆ. ದೊಡ್ಡ ದೊಡ್ಡ ಕಾರ್ಖಾನೆಯವರು, ಅಂಗಡಿಯವರು, ಅವರ ಪರವಾಗಿ ಸಹಿ ಹಾಕಿ ಸಿಕ್ಕಿಕೊಂಡ ಭಾವಮೈದುನರು. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಆಸ್ಪತ್ರೆಯ ಹಾಗೆ. ವಸೂಲಾತಿ ಅಧಿಕಾರಿ ವಯಸ್ಸಾದವರು, ನನ್ನ ವರದಿಯನ್ನು ಕನ್ನಡಕ ಏರಿಸಿ ಓದಿದರು. ಉರಿಯುವ ಬೆಂಕಿಯನ್ನು ವಶಕ್ಕೆ ಪಡೆದ ಕಮಿಷನರನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಅಂಗಡಿಯವರು ಪ್ರಮಾಣಪತ್ರದ ತಪ್ಪನ್ನು ತಾವೇ ಒಪ್ಪಿಕೊಂಡಿದ್ದಾರೆಂದು ನಾನು ಬರೆದದ್ದನ್ನು ಓದಿ, ಮುಂದಿನ ಸಲ ಓದಿ ಸಹಿ ಹಾಕಲು ಹೇಳಿ ಎಂದಷ್ಟೇ ಅಂದರು. ಕೊನೆಯಲ್ಲಿ ಬೆರಳಿಟ್ಟದ್ದು ಸೌದೆಯ ಮೇಲೆ. ಇದನ್ನೇನು ಮಾಡುವುದು ಎಂದರು. ಪದ್ಧತಿಯಂತೆ ಸರ್ ಎಂದೆ, ಯಾವ ಪದ್ಧತಿ ಎಂದು ನನಗೇ ತಿಳಿಯದೆ. ಹಾಗಾದರೆ ಹರಾಜು ಪ್ರಕಟಣೆಯಲ್ಲೂ ಸೇರಿಸಬೇಕು, ಆಮೇಲೆ ಕೊಂಡವರು ತಕರಾರು ತೆಗೆಯಬಾರದು ಎಂದು ಗುಮಾಸ್ತರಿಗೆ ಹೇಳಿದರು.

ಆ ಪ್ರಕಟಣೆ ಪತ್ರಿಕೆಯಲ್ಲಿ ಬಂತು. ನಿವೇಶನ, ಗೋದಾಮು, ಎರಡು ಬ್ಯಾರನ್, ಸೌದೆ ಒಂದು ಒಟ್ಟು ಎಂದು ಅಚ್ಚಾಗಿತ್ತು. ಹುಣಸೂರು ಕೋರ್ಟಿನ ನನ್ನ ಜೊತೆಯವರು ತಿಂಗಳುಗಟ್ಟಲೆ ನನ್ನನ್ನು ಬಿಡಲಿಲ್ಲ. ಮೇಡಂ, ನ್ಯಾಯಾಧಿಕರಣದಲ್ಲಿ ಸೌದೆ ಡಿಪೋ ಯಾವಾಗ ತೆರೆಯುತ್ತೀರಿ ಎನ್ನುವರು. ಹರಾಜು ಈಗೆಲ್ಲ ಆನ್‌ಲೈನ್. ಮೊದಲ ಸಲ ಯಾರೂ ಕೂಗಲಿಲ್ಲ, ಎರಡನೆಯ ಸಲವೂ ಇಲ್ಲ. ಆ ಊರಿನವರಂತೂ ಕೂಗುವ ಮಾತೇ ಇರಲಿಲ್ಲ. ಎದುರುಮನೆಯವನ ಸ್ವತ್ತಿಗೆ ಕೂಗಿ ನಾಳೆ ಅವನ ಮುಖ ಹೇಗೆ ನೋಡುವುದು?

ಆ ವರ್ಷ ಆಕೆಯ ಸೊಪ್ಪು ಮಾರಾಟವಾದದ್ದು ಬಹಳ ತಡವಾಗಿ. ಹೊಗೆಸೊಪ್ಪು ಮಾರಲು ತಂಬಾಕು ಮಂಡಳಿ ಬೆಳೆಗಾರರಿಗೆ ಕೊಡುವ ಕಾರ್ಡ್ ಬೇಕು, ಆಕೆಗೆ ಇರಲಿಲ್ಲ. ಮೊದಲೆಲ್ಲ ಅಂಗಡಿಯವರ ಕಾರ್ಡಿನಲ್ಲಿ ಮಾರುತ್ತಿದ್ದರು. ಈಗ ಅವರ ಖಾತೆಗೆ ಹಣ ಬಿದ್ದರೆ ಬ್ಯಾಂಕ್ ಹಿಡಿದುಕೊಳ್ಳುತ್ತದೆ. ಕಾರ್ಡ್ ಇಲ್ಲದವರೂ ದಂಡ ಕಟ್ಟಿ ಮಾರಬಹುದೆಂದು ಅಪ್ಪಣೆಯಾಗುವ ತನಕ ಸೊಪ್ಪನ್ನು ಮನೆಯಲ್ಲೇ ಇಟ್ಟುಕೊಂಡು, ತೇವ ತಗಲದಂತೆ ಮಗುಚುತ್ತಾ ಕಾದಳಂತೆ. ದಂಡ ಹೋದರೂ ಹೊಲ ಉಳಿಯಿತು. ಇದನ್ನು ಫೋನಿನಲ್ಲಿ ಹೇಳಿದ್ದು ಆಕೆಯೇ.

ಮರುವರ್ಷದ ಸುದ್ದಿ ಅಷ್ಟು ಚೆನ್ನಾಗಿರಲಿಲ್ಲ. ಎರಡೂ ಬ್ಯಾರನ್ ಅರಗು ಮೆತ್ತಿಕೊಂಡು ನಿಂತಿದ್ದವು. ದೂರದ ಊರಿನಲ್ಲಿ ಯಾರದೋ ಬ್ಯಾರನ್‌ನಲ್ಲಿ ಆಕೆಗೆ ಕೊನೆಯ ಪಾಳಿ ಸಿಕ್ಕಿತು. ಕೊಯ್ದ ಸೊಪ್ಪು ಕಾಯುವುದಿಲ್ಲವಲ್ಲ, ಪಾಳಿ ಬರುವಷ್ಟರಲ್ಲಿ ಅರ್ಧ ಬಾಡಿಹೋಯಿತು. ಬ್ಯಾರನ್ ಇಲ್ಲದ ಮೇಲೆ ಹೊಲ ಇದ್ದು ಏನು ಮಾಡುತ್ತಾಳೆ ಎಂದು ಮೈದುನರು ಮತ್ತೆ ಪಂಚಾಯ್ತಿಯ ಮಾತೆತ್ತಿದರು. ಇನ್ನೊಂದು ವರ್ಷ ಹೀಗೇ ಆದರೆ ಬಿಟ್ಟುಕೊಡುವುದೇ ಸೈ ಎಂದು ಫೋನಿನಲ್ಲಿ ಅತ್ತಳು. ಆ ಬೀಗ ಹಾಕಿದವಳು ನಾನೇ, ಕೀಲಿಕೈ ನನ್ನ ಬೀರುವಿನಲ್ಲೇ ಇತ್ತು.

ಅದರ ಮುಂದಿನ ವರ್ಷ, ಮೂರನೆಯ ಹರಾಜಿನಲ್ಲಿ, ಹುಣಸೂರು ಕಡೆಯ ಒಬ್ಬ ಬೆಳೆಗಾರ ಕೊಂಡರು. ಸ್ವತ್ತನ್ನು ಒಪ್ಪಿಸುವ ಆದೇಶವೂ ನನಗೇ ಬಂತು. ಹೊಲಗಳಲ್ಲಿ ಸೊಪ್ಪು ಕೊಯ್ಲಿಗೆ ಬಂದಿದ್ದ ಸಮಯ. ಕೊಂಡವರು ಗಟ್ಟಿಮುಟ್ಟಾದ ಆಳು, ಹೆಚ್ಚು ಮಾತಿಲ್ಲ. ಗೇಟು ತೆಗೆದು ಒಳಗೆ ಹೋದಾಗ ನಮ್ಮ ಹಿಂದೆಯೇ ಆಕೆಯೂ ಬಂದಳು, ಯಾರನ್ನೂ ಕೇಳದೆ. ಅಂಗಡಿಯವರು ಹೊಂಗೆ ಮರದ ಕೆಳಗಿನ ಕಲ್ಲಿನ ಹತ್ತಿರ ನಿಂತಿದ್ದರು. ಈಗ ಅವರು ಪಿರಿಯಾಪಟ್ಟಣದಲ್ಲಿ ಬೇರೆಯವರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಅವತ್ತು ರಜೆ ಹಾಕಿ ಬಂದಿದ್ದರು.

ಅರಗು ಒಡೆದು ಬ್ಯಾರನ್ ಬಾಗಿಲು ತೆಗೆದೆ. ಇಟ್ಟ ಜಾಗದಲ್ಲೇ ಸೌದೆ ಇತ್ತು. ಅಷ್ಟು ಕಾಲ ಒಣಗಿ ಬೆಳ್ಳಗಾಗಿತ್ತು, ಮೇಲಿನ ಕಡ್ಡಿಪುಳ್ಳೆಯೂ ಕದಲಿರಲಿಲ್ಲ. ಕೊಂಡವರು ಅದರ ಮುಂದೆ ನಿಂತು, ಪತ್ರಿಕೆಯಲ್ಲಿ ಸೌದೆ ಎಂದು ಓದಿದಾಗಲೇ ಅಂದುಕೊಂಡೆ, ಇದು ಯಾರದು ಎಂದು ಕೇಳಿದರು. ಕಾನೂನಿನ ಪ್ರಕಾರ ಈಗ ನಿಮ್ಮದೇ ಎಂದು ನಾನು ಹೇಳುವುದಕ್ಕೆ ಮುಂಚೆ ಆಕೆ ಮುಂದೆ ಬಂದಳು.

"ನಾನೇ ಇಟ್ಟಿದ್ದು ಕಣಣ್ಣ. ಮೊದ್ಲ ಪಾಳಿ ನಂದು."

ಆ ಮನುಷ್ಯ ಆಕೆಯನ್ನು ನೋಡಿದರು, ಸೌದೆಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಇಷ್ಟೂ ತಿಳಿಯದೆ ಬರೆದಿರಾ ಎಂಬಂತೆ ವಿವರಿಸಿದರು. ಬ್ಯಾರನ್ ಬಿಟ್ಟು ಹೋಗುವವರು ಒಂದು ಉರಿಗೆ ಬೇಕಾದಷ್ಟು ಸೌದೆ ಒಟ್ಟಿಟ್ಟು ಹೋದರೆ, ಮತ್ತೆ ಬಾಗಿಲು ತೆಗೆದಾಗ ಮೊದಲ ಉರಿ ಅವರದೇ. ಮಾಲೀಕ ಯಾರೇ ಆಗಲಿ, ಆ ಸೌದೆಗೆ ಬೇರೆಯವರು ಕೈ ಹಾಕುವುದಿಲ್ಲ. ಸೌದೆ ಇಟ್ಟರೆ ಪಾಳಿ ಹಿಡಿದಂತೆ. ನಾನು ಮಹಜರಿನಲ್ಲಿ ಬರೆದದ್ದು ಆಕೆಯ ಪಾಳಿಯನ್ನು. ಬೆಂಗಳೂರಿನ ಮೇಜು ದಾಟಿ, ಪತ್ರಿಕೆಯಲ್ಲಿ ಅಚ್ಚಾಗಿ, ಅಷ್ಟು ಕಾಲ ನನ್ನ ಅರಗಿನ ಕೆಳಗೆ ಕಾದದ್ದೂ ಅದೇ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಷ್ಟು ಬಾಗಿಲಿಗೆ ಬೀಗ ಹಾಕಿದ್ದೇನೆ, ಒಬ್ಬರಿಗಾಗಿ ಏನನ್ನಾದರೂ ಕಾಪಾಡಿಟ್ಟದ್ದು ಅದೊಂದೇ ಸಲ.

"ಸೊಪ್ಪು ಎಷ್ಟು ಕಡ್ಡಿ ಆಯ್ತದೆ?" ಎಂದು ಕೊಂಡವರು ಆಕೆಯನ್ನು ಕೇಳಿದರು. ಆಕೆ ಹೇಳಿದಳು. ಹಾಗಾದರೆ ನಾಳೆಯೇ ಕೊಯ್ಯಿ ಎಂದರು. ನಾನು ಸಹಿ ಹಾಕಿಸಿಕೊಂಡು ಕೀಲಿಕೈಗಳನ್ನು ಅವರ ಕೈಗೆ ಕೊಟ್ಟೆ.

ಆಕೆ ಅಲ್ಲಿ ನಿಲ್ಲದೆ ಗೇಟಿನ ಕಡೆ ನಡೆದಳು. ಅಂಗಡಿಯವರು ಇನ್ನೂ ಬೇಲಿಯ ಹೊರಗೇ ನಿಂತಿದ್ದರು. ಗೇಟನ್ನು ಪೂರ್ತಿ ತೆರೆದು ಹಿಡಿದಳು.

"ಒಳಿಕ್ ಬನ್ನಿ ಅಣ್ಣ. ಈಗ ಕಾವಲು ನಂದಲ್ಲ."

ಅವರು ಹೊಸ ಮಾಲೀಕರ ಕಡೆ ನೋಡಿದರು. ಹೊಸ ಮಾಲೀಕರು ಬನ್ನಿ ಎಂದು ತಲೆಯಾಡಿಸಿದರು. ಅಂಗಡಿಯವರು ಚಪ್ಪಲಿಯನ್ನು ಕಲ್ಲಿನ ಪಕ್ಕ ಬಿಟ್ಟು, ಒಳಗೆ ಬಂದು, ಒಲೆಯ ಬಾಯಿಯ ಹಳೆಯ ಬೂದಿಯನ್ನು ಎಳೆಯತೊಡಗಿದರು.